ಮಹಾಂತಪ್ಪನ ಗ್ಯಾರೇಜು

ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ನ ಗೋಪಿನಾಥ ಒಂದು ಶೂ ಕಂಪನಿಯಲ್ಲಿ ಪರಿಸರ ವಿಭಾಗದ ಮ್ಯಾನೇಜರು. ಕಂಪನಿ ಉಡುಗೊರೆ ಕೊಟ್ಟ ದುಬಾರಿ ಶೂಗಳನ್ನು, ನಮ್ಮವರ ಪದ್ಧತಿಯಂತೆ, ಒಳ್ಳೆಯ ದಿನಕ್ಕಿರಲಿ ಎಂದು ವರ್ಷಗಟ್ಟಲೆ ಡಬ್ಬಿಯಲ್ಲೇ ಕಾಪಾಡಿಕೊಂಡು ಬಂದಿದ್ದ. ಒಳ್ಳೆಯ ದಿನ ಬಂತು: ಹತ್ತಿರದ ಊರು ಶ್ಯಾಂಟಿಲಿಯ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಅವನದೇ ಭಾಷಣ. "ನಾವು ಮಾರಿದ ಶೂಗೆ ಕೊನೇತನಕ ನಾವೇ ರೆಸ್ಪಾನ್ಸಿಬಲ್" ಎಂದು ಚಪ್ಪಾಳೆ ಗಿಟ್ಟಿಸಿ ವೇದಿಕೆ ಇಳಿಯುವಾಗ, ಡಬ್ಬಿಯೊಳಗೇ ಜೀವ ಬಿಟ್ಟಿದ್ದ ಶೂಗಳ ಅಟ್ಟೆ ಒಣ ರಸ್ಕಿನಂತೆ ಉದುರತೊಡಗಿತು. ಕೂಟದ ಶ್ರೀಲತಾ ಅವರು ವೇದಿಕೆಯ ಮುಂದೆ ಹಾಕಿದ್ದ ರಂಗೋಲಿಯ ತುಂಬಾ ಕರಿ ಪುಡಿ. ಬಲಗಾಲಿನ ಅಟ್ಟೆಯಂತೂ ದೀಪದ ಕಂಬದ ಬಳಿಯೇ ಉಳಿದುಬಿಟ್ಟಿತು.

ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ ತಂದವನು ಮಹಾಂತಪ್ಪ.

"ಸರ, ನಿಮ್ಮ ರೆಸ್ಪಾನ್ಸಿಬಿಲಿಟಿ ಅಲ್ಲೇ ಬಿದ್ದಿತ್ತು."

ಮಹಾಂತಪ್ಪ ಧಾರವಾಡದ ಕಡೆಯವನು, ಸೇತುವೆಗಳ ಎಂಜಿನಿಯರು. ಕೋವಿಡ್ ವರ್ಷದಲ್ಲಿ ಜನ ಬೀರು ಖಾಲಿ ಮಾಡತೊಡಗಿದಾಗ, ಹಳೆ ಬಟ್ಟೆ, ಶೂ ಕೂಡಿಸಿ ದಾನದ ಅಂಗಡಿಗೆ ಮುಟ್ಟಿಸುವ ಕೆಲಸವನ್ನು ಕೂಟ ಅವನ ತಲೆಗೆ ಕಟ್ಟಿತು. ಅಂಗಡಿಯವರು ಕೆಲವು ಕಾಲ ತೆಗೆದುಕೊಂಡರು, ಆಮೇಲೆ ಚೀಲ ಬಿಚ್ಚಿದೊಡನೆ ಮುಖ ತಿರುಗಿಸತೊಡಗಿದರು. ಕೊಡುವವರು ಮಾತ್ರ ನಿಲ್ಲಲಿಲ್ಲ; ಕಾರಿಗೂ ಜಾಗವಿಲ್ಲದಂತೆ ಚೀಲಗಳು ಮಹಾಂತಪ್ಪನ ಗ್ಯಾರೇಜಿನಲ್ಲೇ ತುಂಬಿಕೊಂಡವು. ಅವನ ಹೆಂಡತಿ ನಮ್ರತಾ ಆಸ್ಪತ್ರೆಯ ಡಾಕ್ಟರು, ಹೊತ್ತಲ್ಲದ ಹೊತ್ತಿನಲ್ಲಿ ಹೊರಡಬೇಕು. ಆಕೆ ಕೊನೆಯ ಮಾತು ಹೇಳಿಯಾಗಿತ್ತು: "ಸ್ನೋ ಬೀಳೂದ್ರಾಗ ನನ್ನ ಕಾರ್ ಒಳಗ ನಿಲ್ಲಬೇಕು. ಇಲ್ಲಾಂದ್ರ ನೀವ್ ಹೊರಗ ನಿಲ್ರಿ."

ಸಮಾರಂಭ ಮುಗಿದ ಮೇಲೆ ಮಹಾಂತಪ್ಪ ಗೋಪಿನಾಥನನ್ನು ಸಾಕ್ಸಿನಲ್ಲೇ ಕಾರಿಗೆ ಹತ್ತಿಸಿ ಗ್ಯಾರೇಜಿಗೆ ಕರೆದೊಯ್ದ. ಬಾಗಿಲು ಮೇಲೇರುತ್ತಲೇ ಒಳಗಿನ ವಾಸನೆ ಎದುರುಗೊಂಡಿತು: ಮುಗ್ಗಲು, ಬೆವರು, ಯಾರದೋ ಜಿಮ್ಮು. ಒಂಟಿ ಶೂಗಳು, ಇಲಾಸ್ಟಿಕ್ ಸತ್ತ ಒಳಚಡ್ಡಿಗಳು, ಎಣ್ಣೆ ಹಿಡಿದ ದಿಂಬಿನ ಕವರುಗಳು. ಒಂದು ಚೀಲದ ಮೇಲೆ 'ಶುಭಾಶಯಗಳೊಂದಿಗೆ' ಎಂಬ ಚೀಟಿ. ಮತ್ತೊಂದರಲ್ಲಿ ಗೋಪಿನಾಥ ತನ್ನದೇ ಹಳದಿ ಟೀ ಶರ್ಟನ್ನು, ಅದರ ಕಂಕುಳಿನ ಕಲೆಯಿಂದ ಗುರುತಿಸಿದ. ಮೆಲ್ಲಗೆ ಅದರ ಮೇಲೊಂದು ದಿಂಬಿನ ಕವರು ಎಳೆದ.

"ಇದನ್ನ ದಾನ ಅಂತಾರ್ರೀ" ಎಂದ ಮಹಾಂತಪ್ಪ. "ಕಸದ ಡಬ್ಬಿಗೆ ಹಾಕಾಕ ನಾಚಿಕಿ ಬಂತಂದ್ರ ನನಗ ಕೊಡ್ತಾರ. ಇದ್ರಾಗ ಅರ್ಧಾ ಶೂ ನಿಮ್ಮ ಕಂಪನಿವು. ಯಾವಾಗ ಒಯ್ತೀರಿ?"

"ಅದು... ಕ್ಯಾಲಿಫೋರ್ನಿಯಾದಲ್ಲಿ ಲಾ ಪಾಸ್ ಆಗಿದೆ ಸರ್. ಬಟ್ಟೆ, ಶೂ ಮಾಡೋರೇ ಹಳೇದನ್ನ ಕಲೆಕ್ಟ್ ಮಾಡಿಸ್ಬೇಕು, ಖರ್ಚೂ ಅವರದೇ. ಅಲ್ಲೂ ಪೂರ್ತಿ ಶುರುವಾಗೋಕೆ ಟೈಮ್ ಹಿಡಿಯತ್ತೆ. ವರ್ಜೀನಿಯಾದಲ್ಲಿ ಅಂಥದ್ದೇನೂ ಇಲ್ಲ."

"ಮತ್ತ ಭಾಷಣದಾಗ ಕೊನೀತನಕ ಅಂದ್ರಿ?"

"ಅದು ಕಂಪನಿ ವಿಷನ್ ಸರ್."

ಮಹಾಂತಪ್ಪ ತಲೆಯಾಡಿಸಿದ. ಜಗಳ ತೆಗೆಯಲಿಲ್ಲ. ಗೋಪಿನಾಥನಿಗೆ ಹೆದರಿಕೆ ಹುಟ್ಟಬೇಕಿದ್ದದ್ದು ಆಗಲೇ.

ಶನಿವಾರ ಬೆಳಿಗ್ಗೆ ಗೋಪಿನಾಥ ಕಾಫಿ ಹಿಡಿದು ಬಾಗಿಲು ತೆಗೆದರೆ, ಅವನ ಟೌನ್‌ಹೌಸಿನ ಮುಂದೆ ಬಾಡಿಗೆ ಟ್ರಕ್ಕು. ಅವನ ಗ್ಯಾರೇಜಿನ ಮುಂದೆ, ಬಾಗಿಲೇ ಕಾಣದಂತೆ, ಚೀಲಗಳ ಗುಡ್ಡ. ತುದಿಯಲ್ಲಿ ಆ ಹಳದಿ ಟೀ ಶರ್ಟು. ಪಕ್ಕದ ಮನೆಯವರು ಮೂಗಿಗೆ ಕೈ ಅಡ್ಡ ಹಿಡಿದು ನಾಯಿಯನ್ನು ಬೇರೆ ದಾರಿಗೆ ಎಳೆದರು. ಆಕಾಶದಲ್ಲಿ ಹಿಮದ ಮೋಡ.

"ಸರ್, ಇದೆಲ್ಲ ಎಷ್ಟು ದಿನ ಇಲ್ಲೇ ಇರತ್ತೆ?"

ಮಹಾಂತಪ್ಪ ಕೈಗವಸು ಕಳಚಿ, ಅದನ್ನೂ ಗುಡ್ಡದ ಮೇಲಿಟ್ಟ.

"ಕ್ಯಾಲಿಫೋರ್ನಿಯಾದ್ ಲಾ ಇಲ್ಲಿಗೆ ಬರೂ ತನಕಾ."