ಸ್ಟೇರಿಂಗ್ ಬಿಟ್ಟ ಪ್ರೇಮಾನಂದ

ಕುಂದಾಪುರದಿಂದ ಕೆರಾಡಿಗೆ ಹೋಗುವ ಬಸ್ಸನ್ನು ಪ್ರೇಮಾನಂದ ಹನ್ನೊಂದು ವರ್ಷ ಓಡಿಸಿದ್ದ. ದಾರಿಯಲ್ಲಿ ಒಂದು ಕೋಳಿಗೂ ಚಕ್ರ ತಾಗಿಸಿದವನಲ್ಲ. ಅಂಥವನು ೧೯೬೭ರ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ನಡುದಾರಿಯಲ್ಲಿ ಗಕ್ಕನೆ ಬ್ರೇಕ್ ಒತ್ತಿದ. ಅಣ್ಣ ಭೋಜರಾಜ ಊಟದ ಎಲೆಯ ಮುಂದೆಯೇ ಎದೆ ಹಿಡಿದು ಸತ್ತು ಆಗ ಮೂರು ತಿಂಗಳು. ಈಗ ಪ್ರೇಮಾನಂದನ ಎದೆಯೂ ಪಕ್ಕೆಲುಬು ಒಡೆದು ಹೊರಬರುವ ಹಾಗೆ ಬಡಿದುಕೊಳ್ಳುತ್ತಿತ್ತು. ಬೆರಳುಗಳು ಜುಮುಗುಟ್ಟಿ ಮರಗಟ್ಟಿದವು.

“ಹ್ವಾಯ್ ಪ್ರೇಮಾನಂದಣ್ಣ, ಎಂತ ಆಯ್ತ್?” ಕಂಡಕ್ಟರ್ ಮಂಜ ಓಡಿ ಬಂದ.

“ನಾನ್ ಸಾಯ್ತೆ ಮಂಜ. ಅಣ್ಣಯ್ಯನ ಹಾಂಗೇ.”

ಸಾಯಲಿಲ್ಲ. ಕಾಲು ಗಂಟೆಯಲ್ಲಿ ಎಲ್ಲ ಇಳಿಯಿತು. ಆದರೆ ವಾರದೊಳಗೆ ಮತ್ತೆ ಬಂತು, ಆಮೇಲೆ ದಿನ ಬಿಟ್ಟು ದಿನ. ದೊಡ್ಡ ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ತೆಗೆದ ಪಟ್ಟಿಯಲ್ಲಿ ದೋಷವೇನೂ ಕಾಣಲಿಲ್ಲ. ಬಸ್ ಸ್ಟ್ಯಾಂಡಿನವರು ಕುಡಿತ ಎಂದರು. ಹೆಂಡತಿ ಕುಸುಮಾವತಿ ಹರಕೆ ಹೊತ್ತಳು. ತನ್ನ ನಾಡಿಯನ್ನು ತಾನೇ ಹಿಡಿದು ಮೂಲೆಯಲ್ಲಿ ಕೂರುವ ಗಂಡನನ್ನು ಕಂಡು ಅವಳಿಗೂ ಅನ್ನ ಸೇರುತ್ತಿರಲಿಲ್ಲ.

ಕೊನೆಗೆ ಕುಂದಾಪುರದ ಒಬ್ಬ ವಯಸ್ಸಾದ ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ, “ಬೇಗ ಬೇಗ ಉಸಿರ್ ಎಳಿ ಕಾಂಬ” ಎಂದರು. ಎರಡು ನಿಮಿಷದಲ್ಲಿ ಅದೇ ಜುಮು, ಅದೇ ಬಡಿತ. ಅವನು ಹೆದರಿ ಅವರ ಕೈ ಹಿಡಿದುಕೊಂಡ.

“ಕಂಡ್ಯಾ? ನಿನ್ನ ಎದಿ ಗಟ್ಟಿ ಇತ್ತ್. ಹೆದ್ರಿಕೆ ಹುಟ್ಟುದ್ ಮಿದುಳಲ್ಲಿ. ಅದ್ ಓಡು ಅಂದ್ರೆ ಎದಿ ಓಡತ್ತ್. ಎದಿ ಓಡುದ್ ಕಂಡ್ ಮಿದುಳ್ ಇನ್ನೂ ಹೆದ್ರತ್ತ್.”

“ಹಾಂಗಾರೆ ಇದೆಲ್ಲ ಸುಳ್ಳಾ ಡಾಕ್ಟ್ರೇ?”

“ಹೆದ್ರಿಕೆ ಬಪ್ಪುದ್ ಹೌದ್. ಸಾಯುದ್ ಮಾತ್ರ ಸುಳ್ಳ್. ಉಸಿರ್ ಮೆಲ್ಲ ಬಿಡ್.”

ತಿಳಿಯಿತು. ತಿಳಿದ ಮಾತ್ರಕ್ಕೆ ನಿಲ್ಲಲಿಲ್ಲ. ಜುಲೈಯಲ್ಲಿ, ಶಾಲೆಯ ಮಕ್ಕಳು ತುಂಬಿದ್ದ ಬಸ್ಸು ಇಳಿಜಾರಿನಲ್ಲಿದ್ದಾಗ, ಬೆರಳು ಮತ್ತೆ ಮರಗಟ್ಟಿ ಕೈ ಸ್ಟೇರಿಂಗಿನಿಂದ ಜಾರಿತು. ಮುಂದಿನ ಚಕ್ರ ಕಂದಕದ ಅಂಚಿನಲ್ಲಿ ನಿಂತಿತು. ಏನೂ ಅರಿಯದ ಮಕ್ಕಳು ನಗುತ್ತ ಇಳಿದರು.

ಮರುದಿನವೇ ಬಸ್ಸಿನ ಧಣಿ ಚಂದಯ್ಯ ಶೆಟ್ಟರ ಮುಂದೆ ಹೋಗಿ ನಿಂತ.

“ನಾನ್ ಇನ್ ಬಸ್ ಓಡ್ಸುದಿಲ್ಲ ಶೆಟ್ರೆ.”

“ಯಾರಿಗೂ ಎಂತ ಆಯ್ಲಿಲ್ಲ ಅಲ್ದಾ?”

“ಎಂತಾರೂ ಆಪಲ್ಲಿವರೆಗೆ ಕಾಯ್ಕಾ?”

ಶೆಟ್ಟರು ಅವನಿಗೆ ಶೆಡ್ಡಿನಲ್ಲಿ ಬಸ್ಸು ತೊಳೆಯುವ, ಗ್ರೀಸ್ ಹಚ್ಚುವ ಕೆಲಸ ಕೊಟ್ಟರು. ಮತ್ತೆಂದೂ ಅವನು ಡ್ರೈವರ್ ಸೀಟು ಹತ್ತಲಿಲ್ಲ. ವರ್ಷಗಳು ಕಳೆದಂತೆ ಅದು ಬರುವುದು ಕಡಿಮೆಯಾಯಿತು. ಬಂದಾಗ ನೆಲಕ್ಕೆ ಕೂತು ಉದ್ದಕ್ಕೆ ಉಸಿರು ಬಿಡುತ್ತಿದ್ದ. ಡಾಕ್ಟರ ಮಾತು ಬಾಯಿಪಾಠವಿತ್ತು. ಆದರೂ ಪ್ರತಿ ಸಲ, ಇದೊಂದು ಸಲ ನಿಜವಾಗಿ ಸಾಯುತ್ತೇನೆ ಎಂದೇ ಅವನಿಗೆ ಅನಿಸುತ್ತಿತ್ತು.