ಕಿವಿ ಹಿಡಿಯುವುದಕ್ಕೆ ಇಂಗ್ಲಿಷ್

ನನ್ನ ಇಂಗ್ಲಿಷಿಗೆ ಯಾರೂ ಕೆಂಪು ಗೆರೆ ಎಳೆದಿಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಮಂಗಳೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಆಫೀಸ್ ಇಂಗ್ಲಿಷ್ ಅದು, ಇಸ್ತ್ರಿ ಹಾಕಿದ ಅಂಗಿಯ ಹಾಗೆ. ಡ್ಯಾನಿಷ್ ಬಂದದ್ದು ಆಮೇಲೆ. ಮದುವೆಯಾದ ಹೊಸದರಲ್ಲಿ ಡೆನ್ಮಾರ್ಕಿನ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ಏಳು ವರ್ಷ ಕೆಲಸ ಮಾಡಿದ್ದೆ. ಅಲ್ಲಿನ ಅಜ್ಜಿಯರು ಬೈದು ಬೈದೇ ನನಗೆ ಭಾಷೆ ಕಲಿಸಿದರು. ಗಂಡನಿಗೆ ಕುವೈತಿನಲ್ಲಿ ಕೆಲಸವಾಗಿ ನಾವು ಹವಲ್ಲಿಯ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಗೆ ಬಂದ ಮೇಲೆ ಆ ಎರಡು ಭಾಷೆಗಳು ನನಗೂ ಕೆಲಸ ಕೊಡಿಸಿದವು.

ನನ್ನ ಆಫೀಸು ಕುವೈತ್ ನಗರದ ಶರ್ಕ್‌ನಲ್ಲಿ. ಮೀನಾ ಅಲ್ ಅಹ್ಮದಿ ಬಂದರಿನ ಬದಿ ನಮ್ಮ ಕಂಪನಿಯ ಯಾರ್ಡೊಂದರಲ್ಲಿ ಪಂಪು ರಿಪೇರಿಯ ಉಸ್ತುವಾರಿಗೆ ಡೆನ್ಮಾರ್ಕಿನವನೇ ಆದ ಒಬ್ಬ ಮುದುಕನಿದ್ದ. ಆತನ ವಾರದ ವರದಿಯನ್ನು ನಾನು ಇಂಗ್ಲಿಷಿಗೆ ತರಬೇಕಿತ್ತು. ಆತನಿಗೆ ಇಂಗ್ಲಿಷ್ ಬಾರದು ಎಂದೇನಲ್ಲ. ಮಾತಾಡುವಷ್ಟು ಬರುತ್ತದೆ, ಸಿಟ್ಟು ಮಾಡುವಷ್ಟು ಬರುವುದಿಲ್ಲ ಎನ್ನುತ್ತಿದ್ದ. ಆದ್ದರಿಂದ ಸಿಟ್ಟನ್ನೆಲ್ಲ ಡ್ಯಾನಿಷಿನಲ್ಲಿ ಬರೆಯುತ್ತಿದ್ದ. ನೌಕರರ ವಿಷಯ ನೋಡುವ ನಮ್ಮ ಪರ್ಸನೆಲ್ ವಿಭಾಗ ಓದುತ್ತಿದ್ದದ್ದು ನನ್ನ ಪ್ರತಿಯನ್ನು ಮಾತ್ರ.

ಆತನ ಸಿಟ್ಟಿಗಾಗಿಯೇ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಶಿಸ್ತಿನ ವಿಷಯಕ್ಕೆ ಬಂದರೆ ಡೇನರ ನುಡಿಗಟ್ಟುಗಳೆಲ್ಲ ಮನೆಯೊಳಗಿನವು. ಒಬ್ಬನನ್ನು ಬಿಗಿಯಾಗಿ ಇಟ್ಟುಕೊಳ್ಳುವುದಕ್ಕೆ ಗಿಡ್ಡ ದಾರದಲ್ಲಿ ಹಿಡಿಯುವುದು ಎನ್ನುತ್ತಾರೆ. ಯಜಮಾನ ಯಾರೆಂದು ತಿಳಿಸುವುದಕ್ಕೆ, ಕಪಾಟು ಎಲ್ಲಿ ನಿಲ್ಲಬೇಕೆಂದು ತೋರಿಸುವುದು. ಪಕ್ಕದಲ್ಲೇ ನಿಂತು ಶಿಸ್ತು ಕಲಿಸುವುದಕ್ಕೆ, ಕಿವಿ ಹಿಡಿದು ಇಟ್ಟುಕೊಳ್ಳುವುದು. ಇವನ್ನು ಹಾಗೆಯೇ ಬರೆದರೆ ಆಫೀಸಿನಲ್ಲಿ ನಕ್ಕಾರು ಎಂದು ಎಲ್ಲದಕ್ಕೂ ಫೈಲಿನ ಇಂಗ್ಲಿಷ್ ತೊಡಿಸುತ್ತಿದ್ದೆ. ಕಪಾಟೂ ದಾರವೂ ನನ್ನ ಕೈಯಲ್ಲಿ 'ಸ್ಟ್ರಿಕ್ಟ್ ಆ್ಯಕ್ಷನ್' ಆಗಿ ಹೊರಬರುತ್ತಿದ್ದವು. ಬರೆದು ಮುಗಿಸಿದಾಗ ನನಗೇ ಖುಷಿಯಾಗುತ್ತಿತ್ತು.

ಆ ಗುರುವಾರದ ವರದಿಯಲ್ಲಿದ್ದ ಹೆಸರು ನನಗೆ ಪರಿಚಯದ್ದು. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿದ್ದ, ಉಡುಪಿ ಕಡೆಯ ಟೆಕ್ನಿಶಿಯನ್. ಹೆಂಡತಿ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮಗಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು. ಆತ, ಯಾರೂ ತಿರುಗಿಸದಂತೆ ವಾಲ್ವಿಗೆ ಹಾಕಬೇಕಾದ ಬೀಗ ಹಾಕದೆ ಪಂಪು ಬಿಚ್ಚಿದ್ದ, ಅದೂ ಎರಡನೇ ಸಲ. ಯಾರಿಗೂ ಪೆಟ್ಟಾಗಿರಲಿಲ್ಲ. ಇವನನ್ನು ಇನ್ನು ಕಿವಿ ಹಿಡಿದು ಇಟ್ಟುಕೊಳ್ಳಬೇಕು ಎಂದು ಮುದುಕ ಬರೆದಿದ್ದ. ಒಂದೇ ಒಂದು ಸಾಲು.

ಪರಿಚಯದವನೆಂದು ಮೆತ್ತಗೆ ಬರೆದಳು ಎಂದು ನಾಳೆ ಯಾರೂ ಹೇಳಬಾರದು ಎಂದು ನನಗೆ ಅನ್ನಿಸಿತು. ಎಂದಿಗಿಂತ ಬಿಗಿಯಾಗಿಯೇ ಬರೆದೆ. ಈ ನೌಕರನ ವಿರುದ್ಧ ಕೂಡಲೇ ಸ್ಟ್ರಿಕ್ಟ್ ಡಿಸಿಪ್ಲಿನರಿ ಆ್ಯಕ್ಷನ್ ತೆಗೆದುಕೊಳ್ಳತಕ್ಕದ್ದು. ಹನ್ನೊಂದು ಗಂಟೆಗೆ ಕಳಿಸಿ ಚಾ ಕುಡಿದೆ.

ಸಂಜೆ ಮನೆಗೆ ಬಂದಾಗ ಲಿಫ್ಟಿನಲ್ಲಿ ಆತನ ಹೆಂಡತಿ ಸಿಕ್ಕಿದಳು. ಮಗಳು ಜೊತೆಗಿದ್ದಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ತಾಯಿ ತಗ್ಗಿದ ದನಿಯಲ್ಲಿ ಹೇಳಿದಳು.

"ಅಕ್ಕಾ, ಇವರಿಗೆ ಖಲಾಸ್ ಅಂತ ಹೇಳಿದ್ರಂತೆ. ಭಾನುವಾರ ಪೇಪರಿಗೆ ಸೈನ್ ಆದ್ರೆ ಇಕಾಮಾ ಕ್ಯಾನ್ಸಲ್. ಆ ಮುದುಕ ಎಂತದ್ದೋ ಬರೆದಿದ್ದಾನಂತೆ. ಇವಳ ಪರೀಕ್ಷೆ ಒಂದು ಮುಗಿಯುವವರೆಗಾದ್ರೂ ಬಿಡ್ತಾರಾ?"

ಇಕಾಮಾ ಎಂದರೆ ಇಲ್ಲಿರುವ ಪರವಾನಗಿ, ಅದು ಹೋದರೆ ಆತನೊಬ್ಬನೇ ಹೋಗುವುದಲ್ಲ, ಅದರ ಮೇಲೆ ನಿಂತ ಹೆಂಡತಿ ಮಗಳೂ ಹೊರಡಬೇಕು. ಇದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ವಿಚಾರಿಸುತ್ತೇನೆ ಎಂದೆ. ಎರಡನೇ ಮಹಡಿಯಲ್ಲಿ ಅವರಿಳಿದರು. ಉಳಿದ ಎರಡು ಮಹಡಿ ನಾನು ಗೋಡೆಗೊರಗಿ ನಿಂತಿದ್ದೆ.

ಮನೆಯಲ್ಲಿ ಮೊಬೈಲ್ ತೆಗೆದು ನನ್ನ ಪ್ರತಿಯನ್ನು ಮತ್ತೆ ಓದಿದೆ. ಒಂದಕ್ಷರ ತಪ್ಪಿರಲಿಲ್ಲ. ಬೀಗ ಹಾಕದ್ದು ಅವನ ತಪ್ಪು, ನನ್ನದೇನಿದೆ ಎಂದು ಗಂಡನ ಹತ್ತಿರ ಜೋರಾಗಿಯೇ ವಾದಿಸಿದೆ. ಗಂಡ ಎದುರಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಇಲ್ಲಿನ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಪೂಜೆಗೆಂದು ಇಗರ್ಜಿಗೆ ಹೋದರೂ ತಲೆಯಲ್ಲಿ ಅದೇ ಸಾಲು. ಹೊರಬಂದವಳೇ ಮುದುಕನಿಗೆ ಫೋನ್ ಮಾಡಿದೆ. ಆ ಟೆಕ್ನಿಶಿಯನನ್ನು ಕಳಿಸುತ್ತಿದ್ದಾರೆ ಎಂದೆ. ಎಲ್ಲಿಗೆ ಎಂದು ಆತ ಕೇಳಿದ. ಊರಿಗೆ ಎಂದೆ.

"ನನ್ನ ಅಮ್ಮ ಹದಿನೆಂಟು ವರ್ಷ ನನ್ನ ಕಿವಿ ಹಿಡಿದುಕೊಂಡಿದ್ದಳು. ಒಂದು ದಿನವೂ ಮನೆಯಿಂದ ಹೊರಗೆ ಹಾಕಲಿಲ್ಲ," ಎಂದ ಮುದುಕ. "ನೀನು ಏನು ಬರೆದೆ?"

ಓದಿ ಹೇಳಿದೆ. ಕಿವಿ ಹಿಡಿಯಬೇಕಾದರೆ ಆ ಮನುಷ್ಯ ಕೈಗೆ ಸಿಗುವಷ್ಟು ಹತ್ತಿರ ಇರಬೇಕಲ್ಲ ಎಂದಷ್ಟೇ ಹೇಳಿ ಆತ ಫೋನ್ ಇಟ್ಟ. ಆ ನುಡಿಗಟ್ಟನ್ನು ನಾನು ವೃದ್ಧಾಶ್ರಮದಲ್ಲಿ ನೂರು ಸಲ ಕೇಳಿದ್ದೆ. ಔಷಧಿ ಬಚ್ಚಿಡುವ ಅಜ್ಜನ ಬಗ್ಗೆ ನರ್ಸ್ ಹೇಳುತ್ತಿದ್ದದ್ದೂ ಅದೇ ಮಾತು. ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದೆ, ಏಕೆಂದರೆ ನನ್ನ ಸಾಲು ಚೆನ್ನಾಗಿ ಕೇಳಿಸುತ್ತಿತ್ತು. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಶನಿವಾರವಿಡೀ ಕೂತು ಇನ್ನೊಂದು ಪತ್ರ ಬರೆದೆ, ಈ ಸಲ ಮಕ್ಕಳಿಗೂ ಅರ್ಥವಾಗುವ ಇಂಗ್ಲಿಷಿನಲ್ಲಿ. ಉಸ್ತುವಾರಿಯವರು ಕೇಳಿದ್ದು ಈತನನ್ನು ಹತ್ತಿರ ಇಟ್ಟುಕೊಂಡು ಪ್ರತಿ ಬೀಗವನ್ನೂ ತಾವೇ ನೋಡುವುದಕ್ಕೆ. ಕಳಿಸಿಬಿಡಲು ಅವರು ಹೇಳಿಲ್ಲ. ಆ ಗಟ್ಟಿ ಮಾತುಗಳು ಅವರದ್ದಲ್ಲ, ನನ್ನವು.

ಭಾನುವಾರ ಏಳೂವರೆಗೇ ಪರ್ಸನೆಲ್ ಮ್ಯಾನೇಜರರ ಬಾಗಿಲಲ್ಲಿ ನಿಂತಿದ್ದೆ. ಮೇಜಿನ ಮೇಲೆ ಸಹಿಗೆ ಕಾದ ಫೈಲುಗಳಿದ್ದವು, ಆತನದ್ದು ಮೇಲಿನಿಂದ ಎರಡನೆಯದು. ಮ್ಯಾನೇಜರ್ ನನ್ನ ಪತ್ರವನ್ನು ಎರಡು ಸಲ ಓದಿದರು. ಹಾಗಾದರೆ ಇಷ್ಟು ವರ್ಷದ ಉಳಿದ ಪತ್ರಗಳ ಕಥೆ ಏನು ಎಂದು ಕೇಳಿದರು. ಹಿಂದೆ ಇಬ್ಬರು ಕೆಲಸ ಕಳೆದುಕೊಂಡು ಊರಿಗೆ ಹೋಗಿದ್ದರು, ಅವರ ವರದಿಗಳೂ ನನ್ನ ಕೈಯಿಂದಲೇ ದಾಟಿದ್ದವು. ಅವನ್ನೂ ತೆಗೆದು ನೋಡಬೇಕು ಎಂದೆ. ಅವರು ಪೆನ್ನನ್ನು ನನ್ನ ಕಡೆ ತಳ್ಳಿ, ತಪ್ಪು ನನ್ನದೆಂದು ಸಹಿ ಹಾಕಲು ಹೇಳಿದರು. ಹಾಕಿದೆ. ಹತ್ತು ಗಂಟೆಗೆ ಮುದುಕನೂ ಬಂದು ತನ್ನ ಅರೆಬರೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದ. ಮಧ್ಯಾಹ್ನದ ಹೊತ್ತಿಗೆ ಕ್ಯಾನ್ಸಲ್ ಪೇಪರ್ ವಾಪಸಾಯಿತು. ನನಗೊಂದು ವಾರ್ನಿಂಗ್ ಲೆಟರ್ ಬಂತು.

ಸಂಜೆ ಆತನ ಹೆಂಡತಿ ಡಬ್ಬ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಘಮ ಬಾಗಿಲಿನಿಂದಲೇ ಬಂತು. ನೀವು ಒಳ್ಳೆ ಲೆಟರ್ ಬರೆದು ಉಳಿಸಿದಿರಂತೆ ಅಕ್ಕ ಎಂದು ಕೈ ಹಿಡಿದುಕೊಂಡಳು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೊದಲನೇ ಲೆಟರೂ ನನ್ನದೇ ಎಂದೆ. ಹೇಗೆ ಬರೆದೆ, ಏಕೆ ಬರೆದೆ, ಎಲ್ಲವನ್ನೂ ಹೇಳಿದೆ.

ಅವಳು ಕೈ ಬಿಟ್ಟಳು.

"ಹಾಗಾದ್ರೆ ಆ ಮುದುಕನಿಗೆ ಸಿಟ್ಟೇ ಇರ್ಲಿಲ್ವಾ?"

"ಇತ್ತು. ಬೈದು ಹತ್ತಿರ ಇಟ್ಕೊಳ್ಳುವ ಸಿಟ್ಟು. ಮನೆಗೆ ಕಳಿಸುವ ಸಿಟ್ಟು ನಾನು ಹಾಕಿದ್ದು."

ಅವಳು ನನ್ನ ಮುಖ ನೋಡಲಿಲ್ಲ. ಡಬ್ಬವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಬಿಸಿ ಉಂಟು, ಊಟ ಮಾಡಿ ಎಂದಳು. ಮೊದಲ ಸಲ ಅಕ್ಕ ಎನ್ನಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು.