ನಾನು ಅಳಿಸಿಹಾಕಿದ ಜಿ ಅಕ್ಷರಗಳು

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ನಾನೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಎರಡು ಸಾವಿರದ ಮೂರರ ಹೊತ್ತಿಗೆ ಅಲ್ಲಿಗೆ ಕಂಪ್ಯೂಟರೂ ಬಂದಿತ್ತು. ಆ ವರ್ಷ ಮುಳ್ಳೂರಿನ ಹೆಣ್ಣುಮಗಳೊಬ್ಬಳು ಹೆರಿಗೆಗೆ ತವರಿಗೆ ಬಂದವಳು, ಮೈಸೂರಿನಲ್ಲಿ ಮಾಡುತ್ತಿದ್ದ ಪಿಎಚ್.ಡಿ.ಯ ಕೈಬರಹದ ಪ್ರಬಂಧ ತಂದುಕೊಟ್ಟು, "ಅಕ್ಕಾ, ಮಗು ಹುಟ್ಟೋದ್ರೊಳಗೆ ಮುಗಿಸ್ಕೊಡಿ" ಅಂದಳು.

ಜನರ ಅರ್ಜಿಗಳ ಕಾಗುಣಿತ ತಿದ್ದಿ ತಿದ್ದಿ, ತಪ್ಪು ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ನಾಲ್ಕನೇ ಅಧ್ಯಾಯದ ತುಂಬ ಇಂಗ್ಲಿಷಿನ ಎ, ಟಿ, ಜಿ, ಸಿ ಅಕ್ಷರಗಳೇ ಸಾಲುಗಟ್ಟಿದ್ದವು. ನಡುನಡುವೆ ಜಿ, ಜಿ, ಜಿ, ಜಿ. ಪಾಪ, ಬಸುರಿ, ತೂಕಡಿಸಿಕೊಂಡು ಬರೆದಿದ್ದಾಳೆ ಎಂದು ನಾಲ್ಕಿದ್ದಲ್ಲಿ ಒಂದೇ ಉಳಿಸಿದೆ.

ವಾರದ ಮೇಲೆ ತಾಯಿಯನ್ನು ಕರೆದುಕೊಂಡು ಬಂದಳು. ಹಾಳೆ ತಿರುವುತ್ತ ಅವಳ ಮುಖ ಸಪ್ಪಗಾಯಿತು.

"ಅಕ್ಕಾ, ಜಿಗಳೆಲ್ಲಾ ಎಲ್ಲೋದ್ವು?"

"ಜಾಸ್ತಿ ಬಿದ್ದಿದ್ವು ಕಣಮ್ಮ, ತೆಗೆದೆ."

ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನನ್ನ ಐದು ವರ್ಷದ ಕೆಲ್ಸ ಇರೋದೇ ಆ ಜಿಗಳ ಮೇಲೆ!"

ಬೆಂಚಿನ ಮೇಲೆ ಕೂತು ಹೇಳಿದಳು: ಆ ನಾಲ್ಕು ಅಕ್ಷರಗಳು ಡಿಎನ್ಎ ಎಳೆಯಲ್ಲಿ ಪೋಣಿಸಿದ ಮಣಿಗಳ ಹೆಸರು; ಡಿಎನ್ಎ ಸಾಮಾನ್ಯವಾಗಿ ಎರಡೆಳೆಯ ಹುರಿ. ಜಿಗಳು ಗುಂಪುಗುಂಪಾಗಿರುವ ಕಡೆ ಮಾತ್ರ ಒಂದೇ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕೆಳೆಯಾಗಬಲ್ಲದು. ಜೀನಿನ ಮುಂದೆ ಅಂಥ ಮಡಿಕೆ ಬಿದ್ದರೆ, ಆ ಜೀನನ್ನು ಓದಿ ನಕಲು ಮಾಡುವ ಕೆಲಸ ನಿಲ್ಲಬಹುದು, ಕೆಲವು ಕಡೆ ಚುರುಕೂ ಆಗಬಹುದು. "ಮನುಷ್ಯರ ಮೈಯಲ್ಲಿ ಹೀಗೇ ನಡೆಯುತ್ತೆ ಅಂತ ಇನ್ನೂ ಖಾತ್ರಿಯಿಲ್ಲ ಅಕ್ಕಾ. ಅದನ್ನೇ ಹುಡುಕ್ತಿರೋದು."

ಅವಳ ತಾಯಿ ತಲೆಯಾಡಿಸಿದರು. "ಸೀರೆ ನೆರಿಗೆ ಇಡ್ದಂಗೆ ಅನ್ನು. ಇವ್ವ ನೆರಿಗೇನೆಲ್ಲಾ ಬಿಚ್ಚಾಕ್ಬುಟ್ಟವ್ಳೆ!"

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮಾರನೇ ದಿನದಿಂದ ಎರಡು ದಿನ ಮೂವರೂ ಕೂತೆವು. ಅವಳು ಅಕ್ಷರ ಕೂಗುವುದು, ನಾನು ಹೊಡೆಯುವುದು. ಇಂಗ್ಲಿಷೇ ಬಾರದ ತಾಯಿ ನನ್ನ ಕೈಯನ್ನೇ ನೋಡುತ್ತಿದ್ದವರು ಒಮ್ಮೆ ತಡೆದರು.

"ನಿಲ್ಲವ್ವ. ಅವ್ಳು ನಾಕ್ ಸಲ ಜಿ ಅಂದ್ಳು, ನಿನ್ ಬೆಟ್ಟು ಮೂರೇ ಸಲ ಬಿತ್ತು."

ನೋಡಿದರೆ ನಿಜ! ಆಮೇಲೆ ಅವರು ಹೂಂ ಅನ್ನದೆ ನಾನು ಮುಂದಿನ ಸಾಲಿಗೆ ಹೋಗಲಿಲ್ಲ.

ಪ್ರಿಂಟ್ ಕೈಗೆ ಬಂದ ಮೂರನೇ ದಿನ ಹೆಣ್ಣುಮಗು ಹುಟ್ಟಿತು. ಮುಂದಿನ ವರ್ಷ ಪ್ರಬಂಧ ಒಪ್ಪಿಗೆಯಾದ ಸುದ್ದಿಯನ್ನು ಮಗುವಿನ ಅಜ್ಜಿಯೇ ಬಂದು ಹೇಳಿದರು, ಹೊಲದ ಅವರೆಕಾಯಿ ಒಂದು ಚೀಲ ಹೊತ್ತುಕೊಂಡು. ಮೂರು ದಿನ ನಮ್ಮ ಮನೆಯಲ್ಲಿ ಅವರೆಕಾಳಿನದೇ ಸಾರು.